ಪರದೇಶದಲ್ಲಿ ಕಾರ್ಡು ಕೈಕೊಟ್ಟಾಗ ಕೇಳುವ ದನಿ

ನಸುಕು ಹರಿಯುವ ಹೊತ್ತು. ಬ್ಯಾಂಕಿನ ಸಹಾಯವಾಣಿಯ ಆ ಉದ್ದನೆಯ ಹಾಲಿನ ಕಿಟಕಿಗಳಿಗೆಲ್ಲ ದಪ್ಪ ಪರದೆ ಎಳೆದಿರುವುದರಿಂದ, ಬೆಳಗಾಯಿತೆಂಬುದು ಒಳಗಿನವರಿಗೆ ತಿಳಿಯುವುದು ಕಸ ಗುಡಿಸುವವರ ಪೊರಕೆಯ ಸದ್ದಿನಿಂದ. ಮೂರನೆಯ ಸಾಲಿನಲ್ಲಿ, ಗೋಡೆಯ ಬದಿಯ ಕುರ್ಚಿಯಲ್ಲಿ, ಮನೆಯಿಂದ ತಂದ ಪುಟ್ಟ ದಿಂಬನ್ನು ಸೊಂಟಕ್ಕೆ ಆನಿಸಿಕೊಂಡು ಐವತ್ತರ ಸಮೀಪದ ಹೆಂಗಸೊಬ್ಬರು ಕಿವಿಗೆ ಹೆಡ್‌ಫೋನ್ ಏರಿಸಿಕೊಳ್ಳುತ್ತಾರೆ. ಗುಂಡಿ ಒತ್ತುವುದೇ ತಡ, ಬೇರಾವುದೋ ದೇಶದ ಸಂಜೆಯೊಂದು ಅವರ ಕಿವಿಯೊಳಕ್ಕೆ ನುಗ್ಗಿಬರುತ್ತದೆ.

"ಅಮ್ಮಾ, ಮೆಷಿನ್ನು ಕಾರ್ಡು ನುಂಗಿಬಿಡ್ತು!" ಗಂಡಸಿನ ದನಿ ನಡುಗುತ್ತಿದೆ.

"ನುಂಗಲಿ ಬಿಡಿ ಸಾರ್, ಅದಕ್ಕೆ ಜೀರ್ಣ ಆಗಲ್ಲ. ಪಕ್ಕದಲ್ಲಿ ಯಾರಾದ್ರೂ ಸಹಾಯ ಮಾಡ್ತೀನಿ ಅಂತ ಬಂದು ನಿಂತಿದ್ದಾರಾ?"

"ಹೌದು, ಒಬ್ಬರು ನಿಂತಿದ್ದಾರೆ. ಪಿನ್ ನಂಬರ್ ಇನ್ನೊಂದ್ಸಲ ಒತ್ತಿ, ಕಾರ್ಡು ಈಚೆ ಬರುತ್ತೆ ಅಂತಿದ್ದಾರೆ."

"ಒತ್ತಲೇಬೇಡಿ. ಥ್ಯಾಂಕ್ಸ್ ಹೇಳಿ, ಅಲ್ಲಿಂದ ನಾಲ್ಕು ಹೆಜ್ಜೆ ಈಚೆ ಬನ್ನಿ. ನಾನು ಕಾರ್ಡಿಗೆ ಬೀಗ ಹಾಕ್ತಿದ್ದೀನಿ. ಈಗ ಹೇಳಿ, ಜೇಬಲ್ಲಿ ಆ ದೇಶದ ದುಡ್ಡು ಏನಾದ್ರೂ ಇದೆಯಾ?"

ಇರಲಿಲ್ಲ. ಎರಡನೆಯ ಕಾರ್ಡೂ ಇರಲಿಲ್ಲ. ಅಷ್ಟರಲ್ಲಿ ಹಿಂದಿನಿಂದ ಹೆಣ್ಣುದನಿಯೊಂದು ಏಳುತ್ತದೆ: "ಎಲ್ಲ ಒಂದೇ ಕಡೆ ಇಡಬೇಡಿ ಅಂತ ಬಡ್ಕೊಂಡೆ, ಕೇಳಿದ್ರಾ? ನನ್ನ ಹತ್ರ ಸ್ವಲ್ಪ ಇದೆ, ನಡೀರಿ."

"ನಿನ್ನ ಹತ್ರ ಎಲ್ಲಿಂದ ಬಂತು?"

"ಅದನ್ನ ಊರಿಗೆ ಹೋದ್ಮೇಲೆ ಕೇಳಿ."

ಕುರ್ಚಿಯಲ್ಲಿರುವವರು ನಗುವನ್ನು ತುಟಿಯಲ್ಲೇ ತಡೆದು, ಹೊಸ ಕಾರ್ಡು ಪಡೆಯುವ ಕ್ರಮವನ್ನು ಒಂದೊಂದಾಗಿ ಹೇಳಿಕೊಡುತ್ತಾರೆ. ಕರೆ ಮುಗಿಯುತ್ತದೆ. ಮರುಕ್ಷಣ ಇನ್ನೊಂದು ಕರೆ.

ಜೊತೆಯವರು ಇವರನ್ನು 'ಕಾರ್ಡಕ್ಕ' ಎಂದು ಕರೆಯುತ್ತಾರೆ. ಆ ಹೆಸರೇ ನೆಲೆನಿಂತಿದೆ. ಹೊರದೇಶಕ್ಕೆ ಹೋದ ಗ್ರಾಹಕರು ಹಣಕಾಸಿನ ಪೇಚಿಗೆ ಸಿಲುಕಿದಾಗ ಕರೆಮಾಡುವ ವಿಭಾಗದಲ್ಲಿ ಅವರು ಹದಿನೇಳು ವರ್ಷಗಳಿಂದ ದುಡಿಯುತ್ತಿದ್ದಾರೆ. ದಿನಕ್ಕೆ ಅರವತ್ತರ ಆಸುಪಾಸು ಕರೆಗಳು. ಹೋಟೆಲಿನವರು ಮುಂಗಡವೆಂದು ಹಣ ತಡೆಹಿಡಿದಿದ್ದಾರೆಂದು ಗಾಬರಿಗೊಂಡವರು, ಹೊರಡುವ ಮುನ್ನ ಬ್ಯಾಂಕಿಗೆ ತಿಳಿಸದೆ ವಿಮಾನ ಹತ್ತಿ ಮೊದಲ ಊಟಕ್ಕೇ ಕಾರ್ಡು ಮುಚ್ಚಿಸಿಕೊಂಡವರು, ಬಸ್ಸಿನ ಚಾಲಕ ಚಿಲ್ಲರೆಯನ್ನಷ್ಟೇ ಕೇಳುತ್ತಿರುವಾಗ ದೊಡ್ಡ ನೋಟು ಹಿಡಿದು ನಿಂತವರು, ಎಲ್ಲರೂ ಇವರ ಕಿವಿಗೇ ಬಂದು ಬೀಳುತ್ತಾರೆ. ಬೈಯುವವರೂ ಕಡಿಮೆಯಿಲ್ಲ. "ಬೈದ್ರೆ ನನಗೆ ಸಮಾಧಾನ. ಬೈಯೋಕೆ ಶಕ್ತಿ ಇದೆ ಅಂದ್ರೆ ಮನುಷ್ಯ ಗಟ್ಟಿಯಾಗಿದ್ದಾನೆ ಅಂತ ಅರ್ಥ. ಮಾತೇ ಆಡದೆ ಉಸಿರು ಬಿಡೋರು ಇರ್ತಾರಲ್ಲ, ಅವರಿಗೆ ಹೆದರ್ತೀನಿ" ಎನ್ನುತ್ತಾರೆ ಅವರು, ಗಂಟಲಿಗೆ ಬಿಸಿನೀರು ಹನಿಸಿಕೊಳ್ಳುತ್ತ.

ಹಾಗೆ ಮಾತು ಸತ್ತವರಿಗೆಂದೇ ಅವರದೊಂದು ಕ್ರಮವಿದೆ. ಬ್ಯಾಂಕು ಬರೆದುಕೊಟ್ಟ ಪ್ರಶ್ನೆಗಳಿಗಿಂತ ಮೊದಲು ಅವರು ತಮ್ಮದೊಂದನ್ನು ಸೇರಿಸುತ್ತಾರೆ: "ನಿಮ್ಮ ಎದುರಿಗೆ ಏನು ಕಾಣ್ತಿದೆ, ಹೇಳಿ." ಒಬ್ಬರು ಕಾರಂಜಿ ಎನ್ನುತ್ತಾರೆ, ಒಬ್ಬರು ಕೆಂಪು ಬಾಗಿಲಿನ ಬ್ರೆಡ್ಡಿನಂಗಡಿ, ಇನ್ನೊಬ್ಬರು ಹಿಮ ಬಿದ್ದ ಸೈಕಲ್ಲುಗಳ ಸಾಲು. ಹೇಳುತ್ತ ಹೇಳುತ್ತ ಉಸಿರು ಹದಕ್ಕೆ ಬರುತ್ತದೆ. ಹೀಗೆ ಕೇಳಿ ಕೇಳಿ, ಒಮ್ಮೆಯೂ ವಿಮಾನ ಹತ್ತದ ಈ ಹೆಂಗಸಿನ ಕಿವಿಯಲ್ಲಿ ಲೋಕದ ನೂರಾರು ಬೀದಿಗಳು ನೆಲೆಸಿವೆ. ಆದರೆ ಅವರ ಮನಸ್ಸು ಹಾತೊರೆಯುವುದು ಒಂದೇ ಒಂದು ಬೀದಿಗೆ. ಅದನ್ನು ವರ್ಣಿಸುವ ಕರೆ ಇಂದಿಗೂ ಬಂದಿಲ್ಲ. ಅಲ್ಲಿ ಅವರ ತಂಗಿಯ ಮನೆಯಿದೆ.

ತಾಯಿ ತೀರಿಕೊಂಡಾಗ ಕಾರ್ಡಕ್ಕನಿಗೆ ಹತ್ತೊಂಬತ್ತು, ತಂಗಿಗೆ ಎಂಟು. ದರ್ಜಿಯ ಅಂಗಡಿಯ ಮೇಲಿನ ಎರಡು ಕೋಣೆಗಳ ಮನೆಯಲ್ಲಿ, ಕೆಳಗಿನ ಹೊಲಿಗೆ ಯಂತ್ರದ ಸದ್ದನ್ನೇ ಜೋಗುಳ ಮಾಡಿಕೊಂಡು ಅಕ್ಕ ತಂಗಿಯನ್ನು ಬೆಳೆಸಿದರು. ಹಟದಲ್ಲಿ ಇಬ್ಬರೂ ಸರಿಸಮಾನರು. ತಾಯಿ ಚಿಕ್ಕವಳಿಗೆ 'ಮೊಂಡಿ' ಎಂದು ಹೆಸರಿಟ್ಟಿದ್ದರೂ ದೊಡ್ಡವರೇನೂ ಕಡಿಮೆಯಲ್ಲ. ಒಂಬತ್ತು ವರ್ಷಗಳ ಹಿಂದೆ ಮೊಂಡಿಗೆ ದೂರದೇಶದ ಆಸ್ಪತ್ರೆಯೊಂದರಲ್ಲಿ, ಹಾಸಿಗೆಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ ಸಿಕ್ಕಿತು. ಹೊರಡುವ ದಿನ ಅಕ್ಕ ತಮ್ಮದೇ ಖಾತೆಗೆ ಸೇರಿದ ಹೆಚ್ಚುವರಿ ಕಾರ್ಡೊಂದನ್ನು ತಂಗಿಯ ಹೆಸರಿನಲ್ಲಿ ಮಾಡಿಸಿ ಕೈಗಿತ್ತರು. ತಂಗಿ ಅಲ್ಲಿ ಉಜ್ಜಿದರೆ ಹಣ ಇಲ್ಲಿ ಅಕ್ಕನ ಖಾತೆಯಿಂದ ಹೋಗುತ್ತದೆ. ಯಾವ ಅಂಗಡಿ, ಎಷ್ಟು ಎಂಬ ಸಂದೇಶ ಅಕ್ಕನ ಫೋನಿಗೆ ಬರುತ್ತದೆ. ಮೊದಲ ಸಂಬಳ ಬರುವವರೆಗೆ ಆಪತ್ತಿಗಿರಲಿ ಎಂಬುದಷ್ಟೇ ಅಂದಿನ ಎಣಿಕೆ.

ಮುಂದೆ ತಂಗಿ ಅಲ್ಲಿಯೇ ಹಡಗಿನ ಕೆಲಸದವನೊಬ್ಬನನ್ನು ಮದುವೆಯಾದಳು. ಬಸುರಿಯಾದಳು. ಗಂಡ ಸಮುದ್ರದ ಮೇಲಿರುವ ತಿಂಗಳಿನಲ್ಲೇ ಹೆರಿಗೆಯ ದಿನ ಬಿತ್ತು. "ಅಕ್ಕ, ನೀನು ಬಾ" ಎಂದು ಟಿಕೆಟ್ಟನ್ನೂ ಕಳುಹಿಸಿದಳು. ಕಾರ್ಡಕ್ಕ ರಜೆ ಕೇಳಿದರು. ಪ್ರವಾಸದ ಕಾಲ, ಕರೆಗಳ ಹೊರೆ, ರಜೆ ಸಾಧ್ಯವಿಲ್ಲವೆಂದಿತು ಕಚೇರಿ. ಅವರು ಇನ್ನೊಮ್ಮೆ ಕೇಳಲಿಲ್ಲ.

"ಕೆಲಸ ಹೋದ್ರೆ ಅನ್ನೋ ಹೆದರಿಕೆ. ಇಷ್ಟು ವರ್ಷ ಆ ಹೆದರಿಕೇಲೇ ಮನೆ ನಡೆಸಿದ್ದು, ಅಭ್ಯಾಸ ಆಗಿಬಿಟ್ಟಿತ್ತು," ಎನ್ನುತ್ತಾರೆ. "ಆಸ್ಪತ್ರೆಯಿಂದ ಅವಳೇ ಫೋನ್ ಮಾಡಿದ್ಲು. 'ಹುಡುಗಿ. ನೀನು ಬರ್ಲಿಲ್ಲ' ಅಂದ್ಲು. ಅಷ್ಟೇ, ಇಟ್ಟುಬಿಟ್ಲು. ನಾನು ಮಾಡಿದ ಫೋನು ಎತ್ತಲಿಲ್ಲ. ಆಮೇಲಾಮೇಲೆ ನಂಗೂ ಹಟ ಬಂತು."

ನಾಲ್ಕು ವರ್ಷಗಳಾದವು. ಅಕ್ಕತಂಗಿಯರ ನಡುವೆ ಮಾತಿಲ್ಲ. ಆದರೆ ಮಗುವಿಗೆ ಆರು ತಿಂಗಳಾದಾಗ, ಅಲ್ಲಿಯವರೆಗೆ ಮರೆತುಹೋದಂತಿದ್ದ ಆ ಹಳೆಯ ಕಾರ್ಡು ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಉಸಿರಾಡಿತು. ಔಷಧಿ ಅಂಗಡಿಯೊಂದರಲ್ಲಿ ಏನೋ ಚಿಕ್ಕ ಖರೀದಿ. ಮರುವಾರ ಆಟಿಕೆಯ ಅಂಗಡಿ. ಅಂದಿನಿಂದ ವಾರಕ್ಕೊಂದು ಬಾರಿ, ತಪ್ಪದೆ, ಪುಡಿಗಾಸಿನ ಒಂದು ಸಂದೇಶ. ಸಹಾಯವಾಣಿಯ ಹಾಲಿನೊಳಕ್ಕೆ ನೌಕರರು ಫೋನು ಒಯ್ಯುವಂತಿಲ್ಲ. ಹೊರಗಿನ ಕಪಾಟಿನಲ್ಲಿಟ್ಟು ಬರಬೇಕು. ಚಹಾದ ಬಿಡುವಿನಲ್ಲಿ ಕಾರ್ಡಕ್ಕ ಮೊದಲು ಓಡುವುದು ಚಹಾದ ಕಡೆಗಲ್ಲ, ಆ ಕಪಾಟಿನ ಕಡೆಗೆ.

"ಶೂ ಅಂಗಡಿ ವರ್ಷಕ್ಕೆ ಮೂರು ಸಲ ಬರುತ್ತೆ. ಕಾಲು ಬೆಳೀತಿದೆ," ಎಂದು ಅವರು ಫೋನಿನ ತೆರೆಯನ್ನು ಬೆರಳಿನಿಂದ ಮೇಲಕ್ಕೆ ಸರಿಸುತ್ತಾರೆ. "ಇಲ್ಲಿ ನೋಡಿ, ಕನ್ನಡಕದಂಗಡಿ. ಮಗೂಗೋ ಅವಳಿಗೋ ಗೊತ್ತಿಲ್ಲ. ಆವತ್ತು ನಂಗೆ ಊಟ ಸೇರಲಿಲ್ಲ. ಹೋದ ತಿಂಗಳು ಈಜುಕೊಳದ ಟಿಕೆಟ್ಟು, ಒಂದು ದೊಡ್ಡದು, ಒಂದು ಚಿಕ್ಕದು. ಕನ್ನಡಕದ ಚಿಂತೆ ಆವತ್ತು ಸ್ವಲ್ಪ ಇಳೀತು."

ಪಕ್ಕದ ಕುರ್ಚಿಯ ಸಹೋದ್ಯೋಗಿಯ ದನಿ ಇಡೀ ಹಾಲಿಗೆ ಕೇಳುವಷ್ಟು ದೊಡ್ಡದು; ಹಾಗಾಗಿ ಅವನು 'ತುತ್ತೂರಿ'. ಅವನಿಗೆ ಈ ಸಂದೇಶಗಳ ವಿಷಯದಲ್ಲಿ ಬೇರೆಯೇ ಅಭಿಪ್ರಾಯವಿದೆ. "ಕಾರ್ಡಕ್ಕ, ನಿನ್ನ ತಂಗಿ ಜಾಣೆ. ಮಾತು ಬಿಟ್ಲು, ಕಾರ್ಡು ಬಿಡಲಿಲ್ಲ."

"ಅವಳ ಸಂಬಳ ನನ್ನದರ ಮೂರು ಪಟ್ಟು ಕಣೋ. ನನ್ನ ಕಾಸು ಅವಳಿಗ್ಯಾಕೆ?"

"ಹಾಗಾದ್ರೆ ನೀನೇ ದಡ್ಡಿ. ಪ್ರತಿ ಸಲ ಹೊರದೇಶದ ಶುಲ್ಕ ಬೇರೆ ಕಟ್ ಆಗುತ್ತೆ. ಗ್ರಾಹಕರಿಗೆ ಪುಡಿ ಖರೀದಿಗೆ ಊರಿನ ಕಾರ್ಡು ಉಜ್ಜಬೇಡಿ, ಅಲ್ಲಿನ ನಗದು ಕೊಡಿ ಅಂತ ದಿನಾ ಪಾಠ ಮಾಡ್ತೀಯ!"

"ಮಾಡ್ತೀನಿ. ನನ್ನ ತಂಗಿಗೆ ಮಾಡಲ್ಲ. ನಿನ್ನ ಕೆಲಸ ನೋಡು."

ಹೀಗಿರುವಾಗ ಕಳೆದ ತಿಂಗಳ ಕೊನೆಗೆ ಆ ಕಾರ್ಡಿನ ಒಂಬತ್ತು ವರ್ಷಗಳ ಅವಧಿ ಮುಗಿಯುವುದಿತ್ತು. ಹೊಸದು ಬೇಕಾದರೆ ಕಾರ್ಡು ಹಿಡಿದವರೇ ಸಹಾಯವಾಣಿಗೆ ಕರೆಮಾಡಿ ಕೇಳಬೇಕು; ಅವರ ಪರವಾಗಿ ಇನ್ನೊಬ್ಬರು ಕೇಳುವಂತಿಲ್ಲ. ಕೇಳದಿದ್ದರೆ ಕಾರ್ಡು ಸತ್ತಂತೆ, ಅದರೊಂದಿಗೆ ವಾರದ ಸಂದೇಶವೂ. ಇನ್ನೊಂದು ನಿಯಮವೂ ಇದೆ: ನೌಕರರು ತಮ್ಮ ಮನೆಯವರ ಕರೆಯನ್ನು ತೆಗೆದುಕೊಳ್ಳಕೂಡದು, ದನಿ ಗುರುತು ಸಿಕ್ಕೊಡನೆ ಅದನ್ನು ಬೇರೊಬ್ಬರಿಗೆ ದಾಟಿಸಬೇಕು. ನಲವತ್ತು ಹೆಡ್‌ಫೋನುಗಳಿರುವ ಹಾಲಿನಲ್ಲಿ ಯಾವ ಕರೆ ಯಾರ ಕಿವಿಗೆ ಬೀಳುವುದೋ ಯಾರೂ ಹೇಳಲಾರರು. ತಿಂಗಳುದ್ದಕ್ಕೂ ಕಾರ್ಡಕ್ಕ ಪ್ರತಿ ಕರೆಯ ಮೊದಲ ಉಸಿರಿಗೆ ಕಿವಿ ನಿಮಿರಿಸಿದರು. "ಬಂದ್ರೆ ದಾಟಿಸ್ಬೇಕು. ಬರದಿದ್ರೆ ಮುಗೀತು. ಯಾವುದನ್ನ ಬೇಡ್ಕೊಳ್ಳೋದು ಅಂತಾನೇ ತಿಳೀತಿರಲಿಲ್ಲ."

ಅವಧಿ ಮುಗಿಯಲು ಮೂರೇ ದಿನ ಉಳಿದಿರುವ ಬೆಳಿಗ್ಗೆ. ಕಾರ್ಡಕ್ಕ ಯಾರಿಗೋ ರೈಲು ನಿಲ್ದಾಣದ ಯಂತ್ರದಲ್ಲಿ ರೂಪಾಯಿಯ ಬದಲು ಅಲ್ಲಿಯ ಹಣದ ಲೆಕ್ಕವನ್ನೇ ಆರಿಸಬೇಕೆಂದು ವಿವರಿಸುತ್ತಿದ್ದಾರೆ. ಪಕ್ಕದಲ್ಲಿ ತುತ್ತೂರಿಯ ದನಿ ಇದ್ದಕ್ಕಿದ್ದಂತೆ ಸಣ್ಣದಾಗುತ್ತದೆ. ಆ ಹಾಲಿನಲ್ಲಿ ಹಿಂದೆಂದೂ ನಡೆಯದ ಸಂಗತಿಯಿದು. ಹಿಂದಿನ ಸಾಲಿನವರೂ ತಲೆಯೆತ್ತಿ ನೋಡುತ್ತಾರೆ. ಅವನು ಪರದೆಯತ್ತಲೇ ಮುಖ ನೆಟ್ಟು, ಕೈಯೆತ್ತಿ ಮೇಲ್ವಿಚಾರಕರನ್ನು ಕರೆಯುತ್ತಾನೆ. ಅವರು ಬಂದು, ನೋಡಿ, ಕಾರ್ಡಕ್ಕನ ಭುಜ ಮುಟ್ಟುತ್ತಾರೆ: "ಈ ಕರೆ ಮುಗಿಸಿ ಹೊರಗೆ ಹೋಗಿ. ನಿಮ್ಮ ಫೋನು ಕೈಗೆ ತಗೊಳ್ಳಿ."

ಹೆಚ್ಚುವರಿ ಕಾರ್ಡಿನ ಯಾವ ಕೋರಿಕೆಗೂ ಖಾತೆಯ ಒಡೆಯರ ಒಪ್ಪಿಗೆ ಬೇಕು. ಅದನ್ನು ಅವರ ಫೋನಿಗೇ ಕರೆಮಾಡಿ, ಮಾತು ದಾಖಲಾಗುವಂತೆ ಪಡೆಯಬೇಕು. ಒಡೆಯರು ಪಕ್ಕದ ಕುರ್ಚಿಯವರಾದರೂ ಅಷ್ಟೆ. ಗಾಜಿನ ಗೋಡೆಯ ಆಚೆ, ಕಪಾಟಿನ ಬಳಿ ಕಾರ್ಡಕ್ಕ ನಿಂತಿದ್ದಾರೆ. ಈಚೆ ತುತ್ತೂರಿ ನೆಟ್ಟಗೆ ಕುಳಿತಿದ್ದಾನೆ. ಫೋನು ಮೊಳಗುತ್ತದೆ.

"ನಮಸ್ಕಾರ ಮೇಡಂ. ಸಹಾಯವಾಣಿಯಿಂದ ಮಾತನಾಡುತ್ತಿದ್ದೇನೆ. ಭದ್ರತೆಗಾಗಿ ತಮ್ಮ ತಾಯಿಯವರ ಹೆಸರು ತಿಳಿಸುವಿರಾ?"

ಅವರು ತಿಳಿಸುತ್ತಾರೆ. ಅದೇ ಹೆಸರನ್ನು ಕೆಲವೇ ನಿಮಿಷಗಳ ಹಿಂದೆ ಲೋಕದ ಇನ್ನೊಂದು ಮೂಲೆಯಿಂದಲೂ ಒಬ್ಬಳು ಹೇಳಿದ್ದಾಳೆ.

"ಧನ್ಯವಾದ ಮೇಡಂ. ತಮ್ಮ ಖಾತೆಯ ಹೆಚ್ಚುವರಿ ಕಾರ್ಡುದಾರರು ಹೊಸ ಕಾರ್ಡಿಗಾಗಿ ಕೋರಿದ್ದಾರೆ. ಹೊರದೇಶದ ವಿಳಾಸಕ್ಕೆ ನಾವು ಕಾರ್ಡು ಕಳುಹಿಸುವುದಿಲ್ಲವೆಂದು ಅವರಿಗೆ ತಿಳಿಸಲಾಗಿದೆ. ತಮ್ಮ ಮನೆಯ ವಿಳಾಸಕ್ಕೆ ಕಳುಹಿಸಬೇಕೆಂದೂ, ಅಲ್ಲಿಗೆ ಖುದ್ದಾಗಿ ಬಂದು ಪಡೆದುಕೊಳ್ಳುವುದಾಗಿಯೂ ಅವರು ಹೇಳಿದ್ದಾರೆ. ತಮ್ಮ ಒಪ್ಪಿಗೆ ಇದೆಯೇ?"

ಗಾಜಿನಾಚೆ ಕಾರ್ಡಕ್ಕ ಹೌದೆಂಬಂತೆ ತಲೆಯಾಡಿಸುತ್ತಾರೆ.

"ಗಟ್ಟಿಯಾಗಿ ಹೇಳಬೇಕು ಮೇಡಂ. ದಾಖಲಾಗಬೇಕು."

"ಒಪ್ಪಿಗೆ ಕಣೋ," ಎಂದುಬಿಡುತ್ತಾರೆ ಕಾರ್ಡಕ್ಕ. ಆ 'ಕಣೋ' ಕೂಡ ಬ್ಯಾಂಕಿನ ದಾಖಲೆಯಲ್ಲಿ ಭದ್ರವಾಗಿದೆ.

ಗ್ರಾಹಕರ ಕರೆಯ ವಿಚಾರವನ್ನು ಯಾರೊಡನೆಯೂ ಆಡಬಾರದೆಂಬುದು ಕಟ್ಟಾಜ್ಞೆ. ಸರದಿ ಮುಗಿದು ಮೆಟ್ಟಿಲಿಳಿಯುವಾಗ ತುತ್ತೂರಿ ಮುಖ ಗಂಟುಹಾಕಿಕೊಂಡು ನಡೆಯುತ್ತಾನೆ. ಕೊನೆಯ ಮೆಟ್ಟಿಲಿನಲ್ಲಿ ಮಾತ್ರ ತಡೆಯಲಾರದೆ ಹೋಗುತ್ತಾನೆ. "ನಾನೇನೂ ಹೇಳೋ ಹಾಗಿಲ್ಲ, ಕೇಳಬೇಡ. ಆದ್ರೆ ಯಾರದ್ದೋ ಕರೇಲಿ ಹಿಂದೆ ಯಾರೋ ಸಣ್ಣೋರು ಹಾಡ್ತಿದ್ರು. ಶ್ರುತಿ ಅನ್ನೋದು ಹತ್ತಿರಕ್ಕೂ ಸುಳಿದಿಲ್ಲ. ನಿಮ್ಮ ವಂಶದವರೇ ಇರ್ಬೇಕು."

ಕಾರ್ಡಕ್ಕ ಅವನ ಬೆನ್ನಿಗೊಂದು ಗುದ್ದು ಕೊಟ್ಟು, ಸೆರಗನ್ನು ಬಾಯಿಗೆ ಒತ್ತಿಕೊಂಡು ಬಸ್ಸು ಹತ್ತುತ್ತಾರೆ.

ಹೊಸ ಕಾರ್ಡು ಬಂದಿದೆ. ದರ್ಜಿ ಅಂಗಡಿಯ ಮೇಲಿನ ಮನೆಯಲ್ಲಿ, ಕನ್ನಡಿಯ ಹಿಂದೆ, ತೆರೆಯದ ಲಕೋಟೆಯೊಳಗಿದೆ. ಹಳೆಯದು ಸತ್ತುದರಿಂದ ಫೋನಿಗೆ ಈಗ ಯಾವ ಸಂದೇಶವೂ ಬರುವುದಿಲ್ಲ. ಮಗು ಏನು ತಿಂದಿತು, ಎಲ್ಲಿ ಆಡಿತು ಎಂಬುದು ತಿಳಿಯುವುದಿಲ್ಲ. ತಂಗಿ ಯಾವಾಗ ಬರುವಳೆಂಬುದನ್ನೂ ಯಾರೂ ಹೇಳಿಲ್ಲ. ತಂಗಿಯಿರುವ ದೇಶಕ್ಕೇ ಹೊರಟಿದ್ದ ನೆರೆಯವರೊಬ್ಬರು, "ಕೊಡಿ, ನಾನೇ ಮುಟ್ಟಿಸ್ತೀನಿ" ಎಂದಾಗ ಕಾರ್ಡಕ್ಕ ಕೈಮುಗಿದು ಬೇಡವೆಂದರಂತೆ. ಮರುದಿನವೇ ಮೇಲ್ವಿಚಾರಕರ ಮೇಜಿನ ಮುಂದೆ ನಿಂತು ರಜೆಯ ಮಾತೆತ್ತಿದ್ದಾರೆ. ಯಾವ ತಾರೀಕಿನಿಂದ ಎಂದು ಅವರು ಕೇಳಿದರೆ, ತಂಗಿ ಬಂದಿಳಿದ ತಾರೀಕಿನಿಂದ ಎಂಬ ಉತ್ತರ.

"ಅದು ಪ್ರವಾಸದ ಕಾಲ ಆಗಿದ್ರೆ?" ಎಂದು ಪಕ್ಕದ ಕುರ್ಚಿಯಿಂದ ತುತ್ತೂರಿ ಕೇಳಿದಾಗ ಕಾರ್ಡಕ್ಕ ಹೆಡ್‌ಫೋನನ್ನು ಕಿವಿಗೇರಿಸಿಕೊಳ್ಳುತ್ತಲೇ ಉತ್ತರಿಸುತ್ತಾರೆ.

"ಆಗಿರಲಿ. ಹೋದ ಸಲ ರಜಾ ಕೇಳಿದ್ದೆ. ಈ ಸಲ ಹೇಳಿದ್ದೀನಿ, ಅಷ್ಟೆ."