ಹೆಂಚಿನ ಮೇಲೆ ಎಸೆದ ಹಲ್ಲು

ನನ್ನ ತಂಗಿಯನ್ನು ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕಾಗಿದ್ದವಳು ನಾನು. ಹೋಗಲಿಲ್ಲ. ಅಷ್ಟೇ ಆಗಿದ್ದರೆ ಮರೆವು ಅನ್ನಬಹುದಿತ್ತು. ಮನೆಯಲ್ಲಿ ಸುಳ್ಳು ಹೇಳಿ, ಬೇರೆ ಯಾರೂ ಅವಳನ್ನು ಕರೆದುಕೊಂಡು ಹೋಗದ ಹಾಗೆ ಮಾಡಿದೆ.

ಈಚೆಗೆ ಕಡೂರಿನಲ್ಲಿ ಹಲ್ಲಿನ ಆಸ್ಪತ್ರೆಯೊಂದರ ಬಾಗಿಲು ತಳ್ಳಿದಾಗ ಲವಂಗದೆಣ್ಣೆಯ ವಾಸನೆ ಮುಖಕ್ಕೆ ಬಡಿಯಿತು. ನನ್ನ ಕೈ ಹಿಡಿದು ಬಂದಿದ್ದವಳು ತಂಗಿಯ ಮಗಳು. ಆದರೆ ಆ ವಾಸನೆಗೆ ತಂಗಿಯೇ ಪಕ್ಕದಲ್ಲಿ ನಿಂತ ಹಾಗಾಯಿತು. ದವಡೆಯಲ್ಲಿ ಲವಂಗ ಒತ್ತಿಟ್ಟುಕೊಂಡು ಶಾಲೆಗೆ ಹೋಗುತ್ತಿದ್ದ ಹುಡುಗಿ ಅವಳು. ಅವಳ ಪುಸ್ತಕಕ್ಕೆ, ಲಂಗಕ್ಕೆ, ನಾವಿಬ್ಬರೂ ತಲೆಯಿಡುತ್ತಿದ್ದ ದಿಂಬಿಗೂ ಅದೇ ವಾಸನೆ...

ನಮ್ಮೂರು ಅಜ್ಜಂಪುರಕ್ಕೆ ಹತ್ತಿರ. ಅಪ್ಪ ಅವ್ವ ಈರುಳ್ಳಿ ಹೊಲಕ್ಕೆ ಹೋದರೆ ಹೊತ್ತು ಮುಳುಗಿದ ಮೇಲೇ ಬರುತ್ತಿದ್ದುದು. ಏಳನೇ ಕ್ಲಾಸಿಗೆ ನನ್ನ ಶಾಲೆ ಬಿಡಿಸಿದ್ದರು. ತಂಗಿ ನನಗಿಂತ ಬಹಳ ಚಿಕ್ಕವಳು. ಎತ್ತಿ ಆಡಿಸಿದ್ದು, ತಲೆ ಬಾಚಿದ್ದು, ಉಣ್ಣಿಸಿದ್ದು ಎಲ್ಲ ನಾನೇ. ಅವಳಿಗೆ ಆರು ತುಂಬುತ್ತಿದ್ದ ಹಾಗೆ ಮುಂದಿನ ಹಾಲುಹಲ್ಲು ಬೀಳತೊಡಗಿದವು. ಬಿದ್ದ ಹಲ್ಲನ್ನು ಸಗಣಿ ಉಂಡೆಯೊಳಗೆ ಹುದುಗಿಸಿ ಮನೆಯ ಹೆಂಚಿನ ಮೇಲೆ ಎಸೆಯುವುದು ನಮ್ಮ ಕಡೆಯ ರೂಢಿ. ಎಸೆದರೆ ಹೊಸ ಹಲ್ಲು ಬೇಗ ಬರುತ್ತದೆ ಎಂದು ನಂಬಿಕೆ. ನಾವಿಬ್ಬರೂ ಅಂಗಳದಲ್ಲಿ ನಿಂತು ಎಸೆಯುತ್ತಿದ್ದೆವು.

ಅದೇ ಹೊತ್ತಿಗೆ ಬಾಯಿಯ ಹಿಂದುಗಡೆ ದವಡೆ ಹಲ್ಲುಗಳು ಸದ್ದಿಲ್ಲದೆ ಮೂಡಿದ್ದವು. ಮೂಡುವಾಗಲೇ ಹಳದಿ. ಮಳೆಗೆ ನೆನೆದ ಗೋಡೆಯ ಹಾಗೆ ಅಂಚು ಉದುರುತ್ತಿತ್ತು. ಮುಂದೆ ಬಂದ ಹೊಸ ಹಲ್ಲಿನ ಮೇಲೂ ಕಂದು ಮಚ್ಚೆ. "ನಿನ್ ಮಗಳು ಬೆಲ್ಲದ ಡಬ್ಬಿ ಖಾಲಿ ಮಾಡವ್ಳೆ ಕಣವ್ವ," ಎಂದು ಪಕ್ಕದ ಮನೆಯವರು ಅವ್ವನಿಗೆ ಹೇಳಿ ನಗುತ್ತಿದ್ದರು. ತಂಗಿಗೆ ತಣ್ಣೀರು ಕುಡಿಯಲಾಗುತ್ತಿರಲಿಲ್ಲ. ಲೋಟ ತುಂಬಿ ಬಿಸಿಲಲ್ಲಿಟ್ಟು, ಅದರ ಪಕ್ಕ ಕುಕ್ಕರುಗಾಲಲ್ಲಿ ಕೂತು ಕಾಯುತ್ತಿದ್ದಳು. ಊಟಕ್ಕೆ ಮುದ್ದೆಯಾದರೆ ಅವಳಿಗೆ ಹಬ್ಬ. ಮುದ್ದೆಯನ್ನು ಅಗಿಯುವುದಿಲ್ಲವಲ್ಲ, ನುಂಗಿದರಾಯಿತು.

ಆ ವರ್ಷ ಮಕ್ಕಳ ಹಲ್ಲು ನೋಡಲು ತರೀಕೆರೆಯಿಂದ ಒಬ್ಬ ಡಾಕ್ಟರಮ್ಮ ನಮ್ಮೂರ ಶಾಲೆಗೆ ಬಂದರು. ತಂಗಿಯ ಮನೆಯವರು ಯಾರಾದರೂ ಬರಲಿ ಎಂದು ಹೇಳಿಕಳಿಸಿದಾಗ ಹೋದವಳು ನಾನು. ಅವರು ತಂಗಿಯನ್ನು ಆಟಕ್ಕೆ ಕಳಿಸಿ ನನ್ನನ್ನು ಬೆಂಚಿನ ಮೇಲೆ ಕೂರಿಸಿಕೊಂಡರು.

"ನೋಡಮ್ಮ, ಹಿಂದಿರೋವು ಹಾಲುಹಲ್ಲಲ್ಲ. ಮುದುಕಿ ಆಗೋವರೆಗೂ ಇರಬೇಕಾದ ಹಲ್ಲು. ಮೇಲಿನ ಗಟ್ಟಿ ಪದರ ಸರಿಯಾಗಿ ಬೆಳೆದಿಲ್ಲ, ಅದಕ್ಕೆ ಉದುರ್ತಿವೆ. ಮಗು ತಪ್ಪೇನಿಲ್ಲ. ಈಗಲೇ ಕ್ಯಾಪ್ ಹಾಕಿದ್ರೆ ಉಳ್ಕೊಳ್ತವೆ."

ಖರ್ಚಿನ ಯೋಚನೆ ಬೇಡ, ಕೆಲವು ಶನಿವಾರ ತರೀಕೆರೆಗೆ ಕರೆದುಕೊಂಡು ಬಂದರೆ ಸಾಕು ಎಂದರು. ನಾನು ತಲೆಯಾಡಿಸಿದೆ.

ಶನಿವಾರ... ಅಜ್ಜಂಪುರದಲ್ಲಿ ನನ್ನ ಹೊಲಿಗೆ ಕ್ಲಾಸು ಇದ್ದದ್ದು ಶನಿವಾರ ಮಾತ್ರ. ಅವತ್ತೊಂದು ದಿನ ಅವ್ವ ಮನೆಯಲ್ಲಿರುತ್ತಿದ್ದಳು, ನಾನು ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರುತ್ತಿದ್ದೆ. ನನ್ನ ವಯಸ್ಸಿನ ಹುಡುಗಿಯರ ಜೊತೆ ಮಾತಾಡಲು, ನಗಲು, ಪಾತ್ರೆ ಮುಸುರೆ ಮರೆಯಲು ನನಗೆ ಸಿಗುತ್ತಿದ್ದದ್ದು ಅದೊಂದೇ ದಿನ. ಒಮ್ಮೆ ಬಿಟ್ಟರೆ ಮನೆಯವರು ಕ್ಲಾಸನ್ನೇ ಬಿಡಿಸುತ್ತಾರೆ ಎಂದು ಹೆದರಿದೆ.

ಸಂಜೆ ಅವ್ವ ಕಾಲು ತೊಳೆಯುತ್ತ ಕೇಳಿದಳು. "ಏನಂದ್ರೇ ಡಾಕ್ಟ್ರು?"

"ಹಾಲುಹಲ್ಲಂತೆ ಕಣವ್ವ. ಬಿದ್ದೋಗಿ ಬೇರೆ ಬತ್ತವಂತೆ."

"ಅಷ್ಟೇಯಾ?"

"ಅಷ್ಟೇ."

ಬಾಗಿಲ ಬಳಿ ಕೂತಿದ್ದ ತಂಗಿ ಕೇಳಿಸಿಕೊಂಡಳು. ಅವಳ ಮುಖ ಅರಳಿತು. ಆ ಮುಖ ಈಗಲೂ ನನ್ನ ಕಣ್ಣಿನಿಂದ ಹೋಗಿಲ್ಲ.

ನಾನು ಅಜ್ಜಂಪುರಕ್ಕೆ ಹೋಗುತ್ತಲೇ ಇದ್ದೆ. ಬೇಸಿಗೆಯ ಹೊತ್ತಿಗೆ ತಂಗಿಯ ಕೆನ್ನೆ ಊದಿ ಕಣ್ಣು ಮುಚ್ಚಿಹೋಯಿತು. ಅಪ್ಪ ಆಸ್ಪತ್ರೆಗೆ ಎತ್ತಿಕೊಂಡು ಹೋದ. ಹೋದವನೇ "ಹಾಲುಹಲ್ಲು ಸ್ವಾಮಿ, ಕಿತ್ತಾಕ್ಬಿಡಿ" ಎಂದನಂತೆ. ಅಷ್ಟರಲ್ಲಿ ಆ ಹಲ್ಲುಗಳು ಉಳಿಯುವ ಸ್ಥಿತಿಯಲ್ಲೂ ಇರಲಿಲ್ಲವಂತೆ. ಅವರು ಹೊರಡುವಾಗ ನಾನು ಅಲ್ಲೇ ನಿಂತಿದ್ದೆ. ಡಾಕ್ಟರಮ್ಮ ಹೇಳಿದ್ದನ್ನು ಆಗಲಾದರೂ ಹೇಳಬಹುದಿತ್ತು. ಹೇಳಿದರೆ ಸುಳ್ಳು ಬಯಲಾಗುತ್ತದಲ್ಲ ಎಂದು ಬಾಯಿ ಬಿಡಲಿಲ್ಲ.

ಕಿತ್ತ ಎರಡು ಹಲ್ಲನ್ನು ಅವಳು ಹತ್ತಿಯಲ್ಲಿ ಸುತ್ತಿ ತಂದಿದ್ದಳು. ಬಾಯಲ್ಲಿ ಇನ್ನೂ ರಕ್ತದ ವಾಸನೆ.

"ಅಕ್ಕ, ಇವು ದಪ್ಪ ಅಲ್ವಾ. ಒಂದೊಂದಕ್ಕೂ ಬೇರೆ ಬೇರೆ ಉಂಡೆ ಮಾಡು."

ನನ್ನ ಕೈಯಾರೆ ಉಂಡೆ ಕಟ್ಟಿಕೊಟ್ಟೆ. ಅವಳು ಎಸೆದಳು.

"ಯಾವಾಗ ಬತ್ತವಕ್ಕ?"

"ಬತ್ತವೆ ಕಣೇ. ಕಾಯ್ಬೇಕು."

ಕಾದಳು. ಬೆಳಿಗ್ಗೆ ಮುಖ ತೊಳೆದ ಮೇಲೆ ಬಾಯೊಳಗೆ ಬೆರಳಿಟ್ಟು ತಡವುತ್ತಿದ್ದಳು. "ಏನೋ ಗಟ್ಟಿ ಸಿಕ್ತು, ನೋಡಕ್ಕ," ಎಂದು ಬಾಯಿ ತೆರೆದು ನನ್ನ ಮುಂದೆ ನಿಲ್ಲುತ್ತಿದ್ದಳು. ನಾನು ನೋಡಿದ ಹಾಗೆ ಮಾಡಿ, "ಹೂಂ, ಬತ್ತಾ ಅದೆ," ಎನ್ನುತ್ತಿದ್ದೆ. ಒಂದು ದಿನ ಜಗಲಿಯ ಮೇಲೆ ಹತ್ತಿ, ತುದಿಗಾಲಲ್ಲಿ ನಿಂತು ಸೂರಿನತ್ತ ಕತ್ತೆತ್ತಿ ನೋಡುತ್ತಿದ್ದಳು. ಏನೇ ಅದು ಎಂದರೆ, "ನಾನು ಸರಿಯಾಗಿ ಎಸೀಲಿಲ್ವೇನೋ ಅಕ್ಕ. ಸಂದೀಲಿ ಸಿಕ್ಕಾಕ್ಕೊಂಡದೇನೋ," ಅಂದಳು.

ಯಾವಾಗ ಕಾಯುವುದನ್ನು ಬಿಟ್ಟಳೋ ತಿಳಿಯದು... ಹೈಸ್ಕೂಲಿಗೆ ಹೋಗುವಾಗ ಒಂದು ಸಂಜೆ ಅವರೆಕಾಯಿ ಬಿಡಿಸುತ್ತಿದ್ದವಳು ತಲೆ ಎತ್ತದೆ ಕೇಳಿದಳು. "ಅಕ್ಕ, ಆವತ್ತು ಶಾಲೇಲಿ ಡಾಕ್ಟ್ರಮ್ಮ ನಿಂಗೇನಂದಿದ್ರು?"

"ಯಾವ ಕಾಲದ್ದೋ. ನೆನಪಿಲ್ಲ ಕಣೇ."

ಅವಳು ತಲೆ ಎತ್ತಿ ನನ್ನನ್ನು ನೋಡಿದಳು. "ಹೋಗ್ಲಿ ಬಿಡು," ಎಂದು ಮತ್ತೆ ಕಾಯಿ ಬಿಡಿಸತೊಡಗಿದಳು. ಗೊತ್ತಾಗಿತ್ತು ಅವಳಿಗೆ. ಆಮೇಲೆ ಎಂದೂ ಕೇಳಲಿಲ್ಲ.

ಅವಳ ಮದುವೆಯ ಕುಪ್ಪಸ ಹೊಲಿದದ್ದು ನಾನು. ಬಂದವರೆಲ್ಲ ಹೊಲಿಗೆಯನ್ನು ಹೊಗಳಿದರು. "ಸ್ವಲ್ಪ ನಗಮ್ಮ," ಎಂದು ಫೋಟೋದವನು ಎಷ್ಟು ಹೇಳಿದರೂ ಅವಳು ತುಟಿ ತೆರೆಯಲಿಲ್ಲ. ಆ ಫೋಟೋದಲ್ಲಿ ನನಗೆ ಕಾಣುವುದು ಎರಡೇ, ನನ್ನ ಶನಿವಾರಗಳ ಕುಪ್ಪಸ, ಅದರ ಮೇಲೆ ಅವಳ ಮುಚ್ಚಿದ ಬಾಯಿ.

ಮಗಳಿಗೆ ಎರಡು ವರ್ಷವಾಗಿದ್ದಾಗ ತಂಗಿಗೆ ಜ್ವರ ಬಂತು. ವಾರದೊಳಗೆ ಹೋಗಿಬಿಟ್ಟಳು. ಆಸ್ಪತ್ರೆಯಲ್ಲಿ ಅವಳ ತಲೆ ಸವರುತ್ತ ಕೂತಿದ್ದೆ. ಹೇಳಬೇಕು ಅಂದುಕೊಂಡೆ. ನಾಳೆ ಹುಷಾರಾದ ಮೇಲೆ ಹೇಳಿದರಾಯಿತು ಎಂದು ಸುಮ್ಮನಾದೆ... ಆಮೇಲೆ ಊರಿನ ಮನೆಯ ಹೆಂಚು ಇಳಿಸಿ ಶೀಟು ಹಾಕಿಸಿದಾಗ, ಇಳಿಸಿದ ಹೆಂಚುಗಳ ನಡುವೆ ಕೂತು ಮಣ್ಣನ್ನು ಬೆರಳಲ್ಲಿ ಜಾಲಾಡಿದೆ. ಏನೂ ಸಿಗಲಿಲ್ಲ.

ಮಗು ಕಡೂರಿನಲ್ಲಿ ನನ್ನ ಹತ್ತಿರ ಬೆಳೆಯುತ್ತಿದೆ. ಅವಳಪ್ಪ ಲಾರಿ ಓಡಿಸುತ್ತಾನೆ, ಬಿಡುವಾದಾಗ ಬಂದು ಹೋಗುತ್ತಾನೆ. ಈ ವರ್ಷ ಅವಳ ದವಡೆಯ ಹೊಸ ಹಲ್ಲು ಮೂಡಿತು, ಹಳದಿಯಾಗಿ. ನೋಡಿದ ಮರುದಿನವೇ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಕೆಲವು ಮನೆಗಳಲ್ಲಿ ಇದು ತಾಯಿಯಿಂದ ಮಕ್ಕಳಿಗೆ ಬರುತ್ತದೆ ಎಂದರು ಅಲ್ಲಿನ ಡಾಕ್ಟರಮ್ಮ. "ಇವು ಹಾಲುಹಲ್ಲು ಅಂದ್ಕೋಬೇಡಿ..." ಎಂದು ಶುರು ಮಾಡಿದರು.

"ಗೊತ್ತು ಮೇಡಂ," ಎಂದೆ.

ಕರೆದ ದಿನವೆಲ್ಲ ಹೊಲಿಗೆ ಅಂಗಡಿ ಮುಚ್ಚಿ ಹೋದೆ. ದವಡೆ ಹಲ್ಲುಗಳಿಗೆ ಸ್ಟೀಲಿನ ಕ್ಯಾಪ್ ಕೂರಿಸಿದರು. ಮುಂದಿನ ಹಲ್ಲಿನ ಮಚ್ಚೆಯ ಮೇಲೆ ಹಲ್ಲಿನದೇ ಬಣ್ಣದ ಮೇಣದಂಥದ್ದು ಹಚ್ಚಿ, ನೀಲಿ ಬೆಳಕು ಹಿಡಿದು ಗಟ್ಟಿ ಮಾಡಿದರು. "ನಂಗೆ ಬೆಳ್ಳಿ ಹಲ್ಲು, ನಿಂಗಿಲ್ಲ," ಎಂದು ಮಗು ನನ್ನನ್ನು ಅಣಕಿಸಿತು.

ಕೊನೆಯ ದಿನ ಆಸ್ಪತ್ರೆಯ ಎದುರಿನ ಅಂಗಡಿಯಲ್ಲಿ ನೀರು ಕೇಳಿದಳು. ಅಂಗಡಿಯವರು ಫ್ರಿಜ್ಜಿನಿಂದ ತೆಗೆದುಕೊಟ್ಟರು. ತಣ್ಣಗಿದೆ ಬೇಡ ಎನ್ನಲು ನಾನು ಕೈ ಚಾಚುವಷ್ಟರಲ್ಲಿ ಗಟಗಟ ಕುಡಿದುಬಿಟ್ಟಿದ್ದಳು.

"ಜುಮ್ ಅನ್ನಲ್ಲ ದೊಡ್ಡಮ್ಮ," ಎಂದು ಬಾಯಿ ಪೂರಾ ತೆರೆದು ನಕ್ಕಳು.

ನನ್ನ ತಂಗಿಯ ನಗು ಅದು. ಅವಳ ಮುಖದಲ್ಲಿ ನಾನದನ್ನು ಕೊನೆಯ ಸಲ ನೋಡಿದ್ದು ಅವಳಿಗೆ ಆರು ವರ್ಷವಿದ್ದಾಗ, ಬಾಗಿಲ ಬಳಿ. ರಸ್ತೆಯಲ್ಲಿ ಜನ ಓಡಾಡುತ್ತಿದ್ದರು. ನಾನು ಮಗುವಿನ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ತಂಗಿಗೆ ಹೇಳಬೇಕಾಗಿದ್ದುದನ್ನು ಬಾಯಿಬಿಟ್ಟು ಹೇಳಿದೆ.

"ತಪ್ಪಾಯ್ತು ಕಣೇ ತಂಗಿ. ಅವು ಹಾಲುಹಲ್ಲಲ್ಲ ಅಂತ ನಂಗೆ ಗೊತ್ತಿತ್ತು."