ಆರ್ ಒತ್ತಿದ ಚೀಲಗಳು

ನಮ್ಮ ದೊಡ್ಡಪ್ಪನಿಗೆ ತಿಪಟೂರಿನ ಹೊರಗೆ ಕೊಬ್ಬರಿ ತುರಿದು ಪ್ಯಾಕೆಟ್ ಮಾಡುವ ಸಣ್ಣ ಕಾರ್ಖಾನೆ ಇದೆ. ತುರುವೇಕೆರೆಯ ಕಾಲೇಜೊಂದರಲ್ಲಿ ಜಾವಾ ಎಂಬ ಕಂಪ್ಯೂಟರ್ ಭಾಷೆ ಕಲಿಸುವ ನಾನು ಅವರಿಗೊಂದು ಪುಟ್ಟ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಕೊಬ್ಬರಿ ಆರಿಸುವ ಹೆಂಗಸರು ಪ್ರತಿ ಚೀಲಕ್ಕೂ ಒಂದು ಅಕ್ಷರ ಒತ್ತಬೇಕು. ಒಳ್ಳೆಯ ಮಾಲಿನ ದರ್ಜೆಗಳಾದ ಎ, ಬಿ, ಸಿ ಒತ್ತಿದರೆ ತುರಿಯುವ ಯಂತ್ರಕ್ಕೆ ಕಳಿಸಲು ಚೀಟಿ ಅಚ್ಚಾಗುತ್ತದೆ. ಬೂಷ್ಟು ಹಿಡಿದ ಮಾಲಿಗೆ ಆರ್. ಅದಕ್ಕೆ ಚೀಟಿಯಿಲ್ಲ, ಅದು ಸೋಪಿನ ಎಣ್ಣೆ ತೆಗೆಯುವವರಿಗೆ.

ಪ್ರೋಗ್ರಾಮಿನಲ್ಲಿ ಇದು ಒಂದೇ ಸಾಲಿನ ಕೆಲಸ. ಅಕ್ಷರ ಎಗೆ ಸಮವೇ, ಅಥವಾ ಅಕ್ಷರ ಬಿಗೆ ಸಮವೇ, ಅಥವಾ ಅಕ್ಷರ ಸಿಗೆ ಸಮವೇ. ಪ್ರತಿ ಸಲವೂ ಪೂರ್ತಿ ಕೇಳಬೇಕು. ‘ಎ ಅಥವಾ ಬಿ ಅಥವಾ ಸಿ’ ಎಂದು ಚುಟುಕಾಗಿ ಬರೆದರೆ ಜಾವಾ ಒಪ್ಪುವುದಿಲ್ಲ.

ಹೋದ ಮಳೆಗಾಲದಲ್ಲಿ ದೊಡ್ಡಪ್ಪ ಫೋನ್ ಮಾಡಿದರು. “ನಿನ್ ಕಂಪ್ಯೂಟ್ರು ಕೆಟ್ಟೋಗದೆ ಕಣವ್ವ. ಒಳ್ಳೆ ಮಾಲಿಗೆ ಚೀಟಿನೇ ಕೊಡ್ತಿಲ್ಲ.”

ಹೋದೆ. ಬಾಗಿಲಲ್ಲೇ ಕಮಟು ವಾಸನೆ ಮೂಗಿಗೆ ಬಡಿಯಿತು. ಒಳ್ಳೆಯ ಚೀಲಗಳು ಗೋಡೆಗೊರಗಿ ಬಿದ್ದಿದ್ದವು. ಮೂಗಿಗೆ ಸೆರಗು ಕಟ್ಟಿಕೊಂಡ ಹೆಂಗಸರು ಯಂತ್ರಕ್ಕೆ ಸುರಿಯುತ್ತಿದ್ದ ಕೊಬ್ಬರಿಯ ಮೇಲೆ ಹಸಿರುಗಪ್ಪು ರೋಮ ಎದ್ದಿತ್ತು.

ಕೋಡ್ ತೆರೆದೆ. ನನ್ನ ಸಾಲಿನ ಕೆಳಗೆ ಇನ್ನೊಂದು ಸಾಲು: ಆರ್ ಆದರೆ ಬಿಡು, ಇಲ್ಲದಿದ್ದರೆ ತಡೆ. ನನ್ನ ಸಾಲು ಎ, ಬಿ, ಸಿಗೆ ಹೂಂ ಎಂದದ್ದನ್ನು ಈ ಸಾಲು ಅಳಿಸಿಹಾಕುತ್ತಿತ್ತು. ಕೊಳೆತದ್ದಕ್ಕೆ ಮಾತ್ರ ಚೀಟಿ.

“ಇದನ್ನ ಯಾರು ಸೇರಿಸಿದ್ದು?”

ಅಲ್ಪಸ್ವಲ್ಪ ಕಂಪ್ಯೂಟರ್ ಬಲ್ಲ ದೊಡ್ಡಪ್ಪನ ಅಳಿಯ ನಕ್ಕರು. “ನಾನೇ. ಆರ್‌ಗೂ ಚೀಟಿ ಬರ್ಲಿ ಅಂತ ಹಾಕ್ದೆ. ಎಲ್ಲೋ ತಪ್ಪೋಯ್ತು.”

“ತಿನ್ನೋ ಪ್ಯಾಕೆಟ್ಟಿಗೆ ಬೂಷ್ಟು ಕೊಬ್ಬರಿನಾ?”

“ಒಳ್ಳೇದ್ರ ಜೊತೆ ಕಲಸ್‌ಬುಟ್ರೆ ಯಾರಿಗ್ ಗೊತ್ತಾಯ್ತದೆ ಕಣೇ?” ಎಂದರು ದೊಡ್ಡಪ್ಪ. “ನಿನ್ ಸಾಲಲ್ಲೇ ಇನ್ನೊಂದ್ ‘ಅಥವಾ’ ಸೇರ್ಸ್‌ಬುಡು.” ಯಂತ್ರದ ಕೆಳಗಿನ ತಟ್ಟೆಯಿಂದ ಒಂದು ಚಿಟಿಕೆ ತುರಿ ತೆಗೆದು ಬಾಯಿಗೆ ಹಾಕಿಕೊಂಡು, “ನೋಡು, ಏನಾಯ್ತು?” ಎನ್ನುತ್ತಾ ಅಗಿದರು. ತುಟಿಯಂಚಿನಲ್ಲಿ ಹಳದಿಗಟ್ಟಿದ ತುರಿಯ ಪುಡಿ ಮೆತ್ತಿಕೊಂಡಿತ್ತು.

ಅಳಿಯನ ಸಾಲನ್ನು ಅಳಿಸಿದೆ. ಹೊಸ ‘ಅಥವಾ’ ಸೇರಿಸಲಿಲ್ಲ. ಆರ್ ಒತ್ತಿ ನೋಡಿದೆ, ಚೀಟಿ ಬರಲಿಲ್ಲ. “ನೀವೇನ್ ಸರ್ಕಾರದವ್ರಾ?” ಎಂದರು ಅಳಿಯ. ಹೊರಗೆ ಹೋಗಿ ನಲ್ಲಿಯಲ್ಲಿ ಕೈ ತೊಳೆಯತೊಡಗಿದೆ. ಆಗ ಒಳಗೆ ಪ್ರಿಂಟರಿನ ಸದ್ದಾಯಿತು. ಮತ್ತೆ ಸದ್ದಾಯಿತು.

ಕಿಟಕಿಯಲ್ಲಿ ಬಗ್ಗಿ ನೋಡಿದೆ. ಅಳಿಯ ಬೂಷ್ಟು ಹಿಡಿದ ಚೀಲಗಳ ಮುಂದೆ ಕೂತು, ಒಂದೊಂದಕ್ಕೂ ಎ ಒತ್ತುತ್ತಿದ್ದರು. ಎ ಒಪ್ಪಿತವಾದ ಅಕ್ಷರ. ನನ್ನ ಸಾಲು ನೋಡುವುದು ಅಷ್ಟನ್ನೇ. ದೊಡ್ಡಪ್ಪ ಪಕ್ಕದಲ್ಲಿ ನಿಂತು ಚೀಟಿ ಹರಿದು ಕೊಡುತ್ತಿದ್ದರು, ಅಂಗಿಯ ತೋಳಲ್ಲಿ ಬಾಯಿ ಒರೆಸಿಕೊಳ್ಳುತ್ತಾ.

ಒಳಗೆ ಹೋಗಿ, ಅಳಿಯನನ್ನು ಏಳಿಸಿ, ಪ್ರೋಗ್ರಾಮನ್ನೇ ಕಂಪ್ಯೂಟರಿನಿಂದ ಅಳಿಸಿಬಿಟ್ಟೆ. ದೊಡ್ಡಪ್ಪ ನನ್ನನ್ನು ತಡೆಯಲಿಲ್ಲ. “ಹೋಗ್ಲಿ ಬುಡು, ಕೈಯಲ್ಲೇ ಬರ್ಕೊಂತೀವಿ,” ಎಂದರು. ಕಾರ್ಖಾನೆ ಒಂದು ಗಳಿಗೆಯೂ ನಿಲ್ಲಲಿಲ್ಲ.

ಮನೆಗೆ ಬಂದು ಅಮ್ಮನಿಗೆ ಹೇಳಿದರೆ ಅವಳಿಗೆ ನನ್ನ ಮೇಲೆಯೇ ಸಿಟ್ಟು. “ದೊಡ್ಡೋರ್ ಮುಂದೆ ಹಂಗಾ ನಡ್ಕೊಳೋದು?” ದೊಡ್ಡಪ್ಪನ ಮನೆಯಿಂದ ಬಂದಿದ್ದ ಕೊಬ್ಬರಿ ತುರಿಯ ಪ್ಯಾಕೆಟ್ಟನ್ನು ಅಡುಗೆಮನೆಯಿಂದ ಎತ್ತಿಕೊಂಡು ಹೋಗಿ ತಿಪ್ಪೆಗೆ ಸುರಿದೆ. ಸೋಪು ಹಾಕಿ ಉಜ್ಜಿದರೂ ಬೆರಳುಗಳಲ್ಲಿ ಆ ಕಮಟು ಉಳಿದೇ ಇತ್ತು.