ಎಡಕ್ಕೆ ತಿರುಗಿದ ಕೀಲಿ

ದೆವ್ವ, ಮಾಟ, ಪವಾಡ ಇಂಥವನ್ನೆಲ್ಲ ನಾನು ನಂಬಿದವನಲ್ಲ. ಬಸ್ ಡಿಪೋದ ವರ್ಕ್‌ಶಾಪಿನಲ್ಲಿ ಕೈ ಎಣ್ಣೆ ಮಾಡಿಕೊಂಡೇ ನಿವೃತ್ತನಾದವನು. ಯಾವ ಯಂತ್ರವೇ ಇರಲಿ, ಬಿಚ್ಚಿ ನೋಡಿದರೆ ಕಾರಣ ಸಿಕ್ಕೇ ಸಿಗುತ್ತದೆ ಎಂದು ಎದೆ ತಟ್ಟಿ ಹೇಳುತ್ತಿದ್ದೆ. ಈಗ ಹಾಗೆ ಹೇಳಲು ಬಾಯಿ ಬರುವುದಿಲ್ಲ. ನೀವು ನಗುವುದಾದರೆ ನಗಿ.

ನಮ್ಮ ಔರಾದಿಗೆ ಇವತ್ತಿಗೂ ರೈಲಿಲ್ಲ. ಅದಕ್ಕೇ ಇರಬೇಕು, ನನಗೆ ಆಟಿಕೆ ರೈಲುಗಳ ಹುಚ್ಚು. ಕಪಾಟಿನ ತುಂಬ ಹಳೆಯ ರೈಲುಗಳೇ. ಹಳೆಯದನ್ನು ನೋಡಿ ಹೊಸದಾಗಿ ತಯಾರಿಸಿದ ನಕಲುಗಳನ್ನು ಮಾತ್ರ ಒಳಗೆ ಬಿಟ್ಟುಕೊಂಡವನಲ್ಲ. ಆದರೆ ಹೋದ ವರ್ಷ ಬೀದರಿನ ಅಂಗಡಿಯೊಂದರಲ್ಲಿ ನೀಲಿ ತಗಡಿನ ಇಂಜಿನ್, ಮೂರು ಡಬ್ಬಿಗಳ ನಕಲು ಸೆಟ್ ಕಂಡಾಗ ಕಾಲು ಮುಂದೆ ಸರಿಯಲಿಲ್ಲ. ಚಿಕ್ಕಂದಿನಲ್ಲಿ ನಮ್ಮ ಮನೆಯಲ್ಲಿದ್ದದ್ದು ಥೇಟ್ ಇಂಥದ್ದೇ. ಕೀಲಿ ತಿರುಗಿಸಿ ನೋಡಿದೆ, ಬಲಕ್ಕೆ ಮಾತ್ರ ತಿರುಗಿತು. ಕೊಂಡು ತಂದೆ.

ಆ ಹಳೆಯ ರೈಲೆಂದರೆ ಅಕ್ಕನಿಗೆ ಪಂಚಪ್ರಾಣ. ಅದರ ಸ್ಪ್ರಿಂಗ್ ಮುರಿದಾಗ, ಗಡಿಯಾರ ರಿಪೇರಿ ಮಾಡುತ್ತಿದ್ದ ಅಪ್ಪ ಬೇರೊಂದನ್ನು ತಿರುವುಮುರುವಾಗಿ ಕೂಡಿಸಿದ್ದ. ಆಮೇಲೆ ಅದರ ಕೀಲಿ ಎಡಕ್ಕೇ ತಿರುಗುತ್ತಿತ್ತು. ಒಂದು ದಿನ ನಾನು ಅದನ್ನು ಬಿಚ್ಚಿ ಹಾಳುಮಾಡಿ, ಹೆದರಿ ಬಾವಿಗೆ ಎಸೆದೆ. ಅಕ್ಕನ ಗೆಳತಿ ಸುಮಿತ್ರಕ್ಕ ಒಯ್ದಳೆಂದು ಸುಳ್ಳು ಹೇಳಿದೆ. ಅಂದು ಅವರಿಬ್ಬರ ನಡುವೆ ನಿಂತ ಮಾತು, ಮುದುಕಿಯರಾದರೂ ಮತ್ತೆ ಶುರುವಾಗಲಿಲ್ಲ. ಈಗ ಇಬ್ಬರೂ ಭಾಲ್ಕಿಯಲ್ಲೇ ಇದ್ದಾರೆ, ಎರಡು ಓಣಿಗಳ ಅಂತರದಲ್ಲಿ.

ಸಾಯುವುದರೊಳಗೆ ನಿಜ ಹೇಳಲೇಬೇಕೆಂದು ಹಟ ಹಿಡಿದು, ಹೊಸ ಸೆಟ್ಟನ್ನು ಬಗಲಲ್ಲಿಟ್ಟುಕೊಂಡು ಭಾಲ್ಕಿ ಬಸ್ ಹತ್ತಿದೆ. ಮಧ್ಯಾಹ್ನ ಊಟವಾದ ಮೇಲೆ ಅಕ್ಕನ ಮುಂದೆ ಹಳಿ ಜೋಡಿಸಿದೆ. ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ಇಂಜಿನ್ ಕಸಿದುಕೊಂಡು ಕೀಲಿಯನ್ನು ಎಡಕ್ಕೆ ತಿರುಗಿಸಿದಳು. ಕರ್ ಕರ್ ಎಂದು ತಿರುಗಿತು. ರೈಲು ಓಡಿತು. ಅಯ್ಯೋ, ಕಣ್ಣಾರೆ ನೋಡಿದೆ!

ಆದರೂ ಬಾವಿಯ ಮಾತು, ನನ್ನ ಸುಳ್ಳು, ಇದು ಹೊಸ ರೈಲೆಂಬುದು, ಎಲ್ಲ ಹೇಳಿಬಿಟ್ಟೆ. ಅಕ್ಕ ಸಿಡುಕಿದಳು.

"ಯಾಕ ಸುಳ್ಳ ಹೇಳ್ತಿ ತಮ್ಮಾ? ಅಪ್ಪ ಕೂಡಿಸಿದ ಸ್ಪ್ರಿಂಗ್ ನನಗ ಗುರ್ತ ಸಿಗಂಗಿಲ್ಲೇನು? ಆ ಸುಮಿತ್ರಾ ಇಷ್ಟ ವರ್ಷ ಮನ್ಯಾಗ ಮುಚ್ಚಿಟ್ಟು, ಈಗ ನಿನ್ನ ಕೈಯಾಗ ಕೊಟ್ಟ ಕಳಸ್ಯಾಳ."

ತಪ್ಪಿಲ್ಲದವಳ ಕಳಂಕ ತೊಳೆಯಲು ಹೋಗಿ, ನಾನೇ ಅವಳ ವಿರುದ್ಧ ಸಾಕ್ಷಿ ಒಯ್ದು ಕೊಟ್ಟಿದ್ದೆ.

ನಾನೂ ಬಿಡಲಿಲ್ಲ. ಮರುದಿನವೇ ಬೀದರಿಗೆ ಹೋಗಿ, ಗಾಂಧಿ ಗಂಜಿನ ಹತ್ತಿರದ ಗಡಿಯಾರ ರಿಪೇರಿಯವನಿಂದ ಇಂಜಿನ್ ಬಿಚ್ಚಿಸಿದೆ. "ಎಲ್ಲಾ ಹೊಸಾ ಮಾಲ್ ಅದರಿ. ಬಲಕ್ಕ ಅಷ್ಟೇ ತಿರಗ್ತದ. ಎಡಕ್ಕ ಜಬರ್ದಸ್ತಿ ಮಾಡಿದ್ರ ಹಲ್ಲು ಮುರೀತಾವ್ರಿ" ಎಂದ. ಇಬ್ಬರೂ ತಿರುಗಿಸಿ ನೋಡಿದೆವು. ಎಡಕ್ಕೆ ಕೂದಲೆಳೆಯಷ್ಟೂ ಜಗ್ಗಲಿಲ್ಲ.

ಮತ್ತೆ ಭಾಲ್ಕಿಗೆ ಹೋದೆ. ಅಕ್ಕನ ಎದುರೇ ಬೆರಳು ಕೆಂಪಾಗುವ ತನಕ ಎಡಕ್ಕೆ ಒತ್ತಿ ತೋರಿಸಿದೆ. "ತಾ ಇಲ್ಲಿ" ಎಂದು ಇಸಿದುಕೊಂಡಳು. ಅವಳ ಕೈಯಲ್ಲಿ ಸಲೀಸಾಗಿ ತಿರುಗಿತು.

ಕಾರಣ ಇವತ್ತಿಗೂ ನನಗೆ ಗೊತ್ತಿಲ್ಲ. ಆ ಸೆಟ್ ನನ್ನ ಕಪಾಟಿನಲ್ಲಿ ಉಳಿದ ರೈಲುಗಳ ಜೊತೆಗಿದೆ. ವಾರಕ್ಕೊಮ್ಮೆ ಭಾಲ್ಕಿಗೆ ಹೋಗಿ ಅಕ್ಕನಿಗೆ ಅದೇ ನಿಜ ಹೇಳುತ್ತೇನೆ. ನಂಬುವವರೆಗೂ ಹೇಳುವವನೇ.

ಹೋದ ವಾರ ಸುಮಿತ್ರಕ್ಕನ ಮನೆಗೂ ಹೋಗಿ, ಕಾಲು ಹಿಡಿದು ಎಲ್ಲ ಒಪ್ಪಿಕೊಂಡೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ಕಣ್ಣೊರೆಸಿಕೊಂಡು, ಮುಖ ಅರಳಿಸಿ, "ಆಕಿಗಿ ಹೇಳಿದೇನಪಾ? ಆಕಿ ಏನಂದ್ಲು?" ಎಂದು ಕೇಳಿದಳು.